ಅತ್ತೆಯವರ ಎಂಬತ್ತು ಪರ್ಸೆಂಟ್

ಲಿಫ್ಟ್ ರಿಪೇರಿ ಮಾಡುವವನೊಬ್ಬ ತನಗೊಬ್ಬ ಆಡಿಟರ್ ಇದ್ದಾನೆ ಎಂದು ಹೇಳಿಕೊಂಡರೆ ಅದೇನೂ ಅಪರಾಧವಲ್ಲ. ಆದರೆ ಊಟದ ಮೇಜಿನಲ್ಲಿ, ಷಡ್ಡಕನ ಎದುರು, ಹೆಂಡತಿಯ ಕಿವಿಗೆ ಬೀಳುವಂತೆ ಹೇಳಿಕೊಂಡರೆ ಮುಂದಿನದ್ದಕ್ಕೆಲ್ಲ ಅವನೇ ಹೊಣೆ.

ನಮ್ಮ ಮೆಕ್ಯಾನಿಕ್ ಸ್ವಭಾವತಃ ಸುಳ್ಳುಗಾರನಲ್ಲ. ಇಪ್ಪತ್ತು ವರ್ಷದಿಂದ ಒಂದೇ ಕಂಪನಿ, ಒಂದೇ ಚರ್ಮದ ಚೀಲ. ಊರಿನ ಅರ್ಧದಷ್ಟು ಲಿಫ್ಟುಗಳಿಗೆ ಎಣ್ಣೆ ಹಾಕಿಕೊಂಡು, ಜನರನ್ನು ಮೇಲೆ ಕಳಿಸಿ ತಾನು ಕೆಳಗೇ ಉಳಿದವನು. ಲಿಫ್ಟಿನ ತಳದ ಗುಂಡಿಯೊಳಗೆ ಮಂಡಿಯೂರಿ ಮಂಡಿಯೂರಿ ಎಡ ಮಂಡಿ ಸವೆದಿತ್ತು. ಅದೊಂದು ಬಿಟ್ಟರೆ ಜೀವನದ ಮೇಲೆ ಅವನಿಗೆ ಹೇಳಿಕೊಳ್ಳುವಂಥ ದೂರಿರಲಿಲ್ಲ. ಇದ್ದ ಮನೆ ಅತ್ತೆಯವರದು. ಕೆಳಗೆ ಅವರು, ಮೇಲೆ ಇವನು ಮತ್ತು ಹೆಂಡತಿ, ಅಡುಗೆ ಒಟ್ಟಿಗೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು, ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ.

ತೆರಿಗೆ ರಿಟರ್ನ್ ಎಂಬುದನ್ನು ಪ್ರತಿ ವರ್ಷ ಕಂಪನಿಯ ಹಳೆ ಗುಮಾಸ್ತ ಎಲ್ಲರ ಪರವಾಗಿ ತುಂಬಿ, "ಇಲ್ಲೊಂದು ಸಹಿ, ಅಲ್ಲೊಂದು ಸಹಿ" ಎಂದು ಮುಗಿಸಿಬಿಡುತ್ತಿದ್ದ. ಈ ವರ್ಷ ಗುಮಾಸ್ತ ನಿವೃತ್ತನಾದ. ಅವನ ಜಾಗದಲ್ಲಿ ಗೋಡೆಗೊಂದು ನೋಟಿಸು ಬಂತು: ಇನ್ನು ಮುಂದೆ ಅವರವರ ರಿಟರ್ನ್ ಅವರವರ ಜವಾಬ್ದಾರಿ. ಕೊನೆಯ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು.

ಅದೇ ಭಾನುವಾರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಬಣ್ಣದ ಕಂಪನಿಯೊಂದರಲ್ಲಿ ಮ್ಯಾನೇಜರು. ಮಾತು ಎಲ್ಲಿಂದಲೇ ಶುರುವಾಗಲಿ, ಮೂರನೆಯ ವಾಕ್ಯಕ್ಕೆ ಅವನ ಆಡಿಟರ್ ಬಂದು ಕೂರುತ್ತಿದ್ದ. ಸೆಕೆ ಜಾಸ್ತಿಯಾಯಿತು ಎಂದರೂ "ನಮ್ಮ ಆಡಿಟರ್ ಅದನ್ನೇ ಹೇಳ್ತಿದ್ದ" ಎನ್ನುವವನು. ಊಟದ ನಡುವೆ ಅವನು ನೀರಿನ ಲೋಟ ಇಳಿಸಿ, ನಿನ್ನ ಆಡಿಟರ್ ಯಾರು ಎಂದು ಮೆಕ್ಯಾನಿಕ್‌ನನ್ನು ಕೇಳಿದ. ನನಗ್ಯಾವ ಆಡಿಟರು ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಇದ್ದಾರೆ ಒಬ್ಬರು. ಸ್ವಲ್ಪ ಬಿಜಿ ಮನುಷ್ಯ," ಎಂದ ಮೆಕ್ಯಾನಿಕ್.

ಹೆಂಡತಿ ಸೌಟು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಗಂಡನ ಮುಖ ನೋಡಿದಳು. ಅತ್ತೆ ಮಾತ್ರ ಇದ್ಯಾವುದಕ್ಕೂ ಕಿವಿಗೊಡದೆ, ಊಟ ಮುಗಿಸಿ ಎದ್ದು, ಕುರ್ಚಿಯ ಬೆನ್ನು ಹಿಡಿದು ಒಂದು ಕಾಲನ್ನು ಹಿಂದಕ್ಕೆ ಚಾಚಿ ಹತ್ತರವರೆಗೆ ಎಣಿಸುತ್ತಿದ್ದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು ಅವರು. ಈಗ ಅರವತ್ತೆಂಟು. ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಬಿಗಿದರೂ ಅಳಿಯ ಒಂದು ಸಲ ಪ್ರಯತ್ನಿಸಿ, ಕೆಂಪಾಗಿ, ಕೊನೆಗೆ ಅತ್ತೆಯವರ ಕೈಗೇ ಕೊಡುವುದು ರೂಢಿ.

ಹೇಳಿದ ಮೇಲೆ ಆಡಿಟರನ್ನು ಹುಡುಕಲೇಬೇಕಾಯಿತು. ತಾನೇ ಲಿಫ್ಟ್ ನೋಡಿಕೊಳ್ಳುವ ಕಟ್ಟಡವೊಂದರ ಆರನೇ ಮಹಡಿಯಲ್ಲಿ ದೊಡ್ಡ ಆಡಿಟರ್ ಆಫೀಸಿತ್ತು. ಮೆಕ್ಯಾನಿಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಒಳಗೆ ಮೀನಿನ ತೊಟ್ಟಿ, ಮೆತ್ತನೆಯ ಸೋಫಾ. ಸ್ವಾಗತದ ಹುಡುಗಿ ನಿಮ್ಮ ಟರ್ನೋವರ್ ಎಷ್ಟು ಎಂದು ಕೇಳಿದಳು. ಅವನು ಯೋಚಿಸಿ, ದಿನಕ್ಕೆ ಐದಾರು ಲಿಫ್ಟು ಆಗುತ್ತದೆ, ಕೇಬಲ್ ಕೆಲಸ ಬಂದರೆ ಎರಡೇ ಎಂದ. ಆಕೆ ಒಂದು ಚೀಟಿಯಲ್ಲಿ ಫೀಸು ಬರೆದು ಅವನ ಕಡೆ ತಿರುಗಿಸಿದಳು. ಅವನ ಅರ್ಧ ತಿಂಗಳ ಸಂಬಳ ಅಲ್ಲಿ ಅಂಕಿಯಾಗಿ ಕೂತಿತ್ತು. ಮೆಕ್ಯಾನಿಕ್ ಮೀನುಗಳನ್ನು ಸ್ವಲ್ಪ ಹೊತ್ತು ನೋಡಿ, ತಣ್ಣೀರು ಕುಡಿದು, ಬಂದದ್ದು ಲಿಫ್ಟ್ ಪರೀಕ್ಷೆಗೆ ಎಂಬಂತೆ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ಕೆಳಗಿಳಿದ.

ಆಮೇಲೆ ತೆರಿಗೆ ಇಲಾಖೆಯ ಸಹಾಯವಾಣಿಗೆ ಫೋನ್ ಮಾಡಿದ. ನಲವತ್ತು ನಿಮಿಷ ಕೊಳಲಿನ ಸಂಗೀತ ಕೇಳಿಸಿತು, ನಡುನಡುವೆ ಒಂದು ಹೆಣ್ಣುದನಿ ಅವನ ಕರೆ ತಮಗೆ ಅಮೂಲ್ಯ ಎಂದಿತು. ಅಷ್ಟು ಅಮೂಲ್ಯವಾದದ್ದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಕೊನೆಗೆ ಸಿಕ್ಕವನು ಲ್ಯಾಮಿನೇಷನ್. ಅಡ್ಡರಸ್ತೆಯ ಮೂಲೆಯಲ್ಲಿ ಫೋಟೊ ತೆಗೆದು, ಅರ್ಜಿ ತುಂಬಿಸಿ, ಸಿಕ್ಕಿದ ಕಾಗದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿಕೊಡುವವನಾದ್ದರಿಂದ ಬೀದಿಯವರು ಇಟ್ಟ ಹೆಸರು. ಅಂಗಡಿಯ ಗಾಜಿನ ಮೇಲೆ "ಇಲ್ಲಿ ರಿಟರ್ನ್ ಹಾಕಲಾಗುವುದು. ರೀಫಂಡ್ ಖಚಿತ" ಎಂದು ಬರೆದಿತ್ತು. ಫೀಸು ಆರು ಪಾಸ್‌ಪೋರ್ಟ್ ಫೋಟೊದಷ್ಟು. ಬೇಕಿದ್ದರೆ ಫೋಟೊವನ್ನೂ ತೆಗೆಯುತ್ತೇನೆ ಎಂದ.

ಲ್ಯಾಮಿನೇಷನ್ ಸಂಬಳದ ಕಾಗದ ನೋಡಿ ನಾಲಗೆ ಲೊಚಗುಟ್ಟಿ, ಇಷ್ಟೊಂದು ತೆರಿಗೆ ಹಿಡಿದಿದ್ದಾರೆ ಎಂದು ತನ್ನದೇ ಮನೆ ಕಳುವಾದವನಂತೆ ಮರುಗಿದ. ಆಮೇಲೆ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದ. ಹೆಂಡತಿ, ಅತ್ತೆ ಎಂದ ಮೆಕ್ಯಾನಿಕ್. ಅತ್ತೆಗೆ ವಯಸ್ಸೆಷ್ಟು ಎಂದ. ಅರವತ್ತೆಂಟು ಎಂದ ಇವನು.

"ಮಂಡಿ ನೋವು ಇದೆಯಾ?"

"ಮಂಡಿ ನೋವು ಇರೋದು ನನಗೆ."

"ಒಟ್ಟಿನಲ್ಲಿ ಮನೇಲಿ ಇದೆ ತಾನೆ. ಸಾಕು."

ಕೀಲಿಮಣೆಯ ಮೇಲೆ ಟಕಟಕ ಸದ್ದಾಯಿತು. ಪರದೆಯಲ್ಲಿ ಅಂಕಿಗಳು ಕುಣಿದು, ಕೊನೆಗೆ ಹದಿನೆಂಟು ಸಾವಿರ ವಾಪಸು ಬರುತ್ತದೆ ಎಂದು ನಿಂತವು. ಮೆಕ್ಯಾನಿಕ್‌ಗೆ ಒಂದು ಕ್ಷಣ ಅನುಮಾನ ಬಂತು. ಆದರೆ ಅನುಮಾನ ಪಡುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ಅದಿಲ್ಲದ ಕಾರಣ ಸಹಿ ಹಾಕಿದ. ಲ್ಯಾಮಿನೇಷನ್ ರಸೀದಿಗೆ ಪ್ಲಾಸ್ಟಿಕ್ ಹೊದಿಸಿ, ಬಿಸಿಬಿಸಿಯಾಗಿ ಅವನ ಕೈಗಿಟ್ಟ. ಮೆಕ್ಯಾನಿಕ್ ಅದನ್ನು ಮನೆಯಲ್ಲಿ ಗಡಿಯಾರದ ಪಕ್ಕ ಒರಗಿಸಿಟ್ಟು, ನಮ್ಮ ಆಡಿಟರ್ ಕೆಲಸ ಅಂದರೆ ಹೀಗೆ ಎಂದು ಷಡ್ಡಕನಿಗೆ ಫೋನಿನಲ್ಲೂ ಹೇಳಿದ.

ಎರಡು ತಿಂಗಳಾದ ಮೇಲೆ ಬಂದದ್ದು ಹದಿನೆಂಟು ಸಾವಿರವಲ್ಲ, ಒಂದು ಕಂದು ಲಕೋಟೆ. ಮೆಕ್ಯಾನಿಕ್ ಕೆಲಸದಲ್ಲಿದ್ದ. ಹೆಂಡತಿ ಒಡೆದು ಓದಿದಳು. ತೆರಿಗೆ ಕಚೇರಿಯ ಭಾಷೆ ನಮಗೆಲ್ಲ ಗೊತ್ತಿರುವುದೇ. ಒಂದು ವಾಕ್ಯ ಶುರುವಾದರೆ ಪುಟದ ಕೊನೆಯವರೆಗೆ ಉಸಿರು ಬಿಡುವುದಿಲ್ಲ. ಆ ವಾಕ್ಯದ ಸಾರ ಇಷ್ಟು: ತಮ್ಮ ಅವಲಂಬಿತರಾದ ಅತ್ತೆಯವರಿಗೆ ಇರುವ ಎಂಬತ್ತು ಪರ್ಸೆಂಟ್ ಅಂಗವೈಕಲ್ಯದ ಬಗ್ಗೆಯೂ, ಅವರ ದೀರ್ಘಕಾಲದ ಚಿಕಿತ್ಸೆಗೆ ತಾವು ಸ್ವಂತವಾಗಿ ಭರಿಸಿರುವ ವೆಚ್ಚದ ಬಗ್ಗೆಯೂ, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಹದಿನಾಲ್ಕನೇ ತಾರೀಖು ಖುದ್ದಾಗಿ ಹಾಜರಾಗುವುದು.

ಸಂಜೆ ಮೆಕ್ಯಾನಿಕ್ ಬೂಟು ಬಿಚ್ಚುವ ಮೊದಲೇ ಹೆಂಡತಿ ಕಾಗದ ಹಿಡಿದು ಎದುರು ನಿಂತಳು. ಅವಳ ಕಣ್ಣುಗಳು ಊದಿದ್ದವು. ಮೆಕ್ಯಾನಿಕ್ ಓದಿದ. ಲ್ಯಾಮಿನೇಷನ್ನಿನ ಟಕಟಕ ಸದ್ದು ಏನನ್ನು ಬರೆಯುತ್ತಿತ್ತೆಂದು ಆಗ ಅವನಿಗೆ ಗೊತ್ತಾಯಿತು. ಇನ್ನು ಬೈಗುಳಕ್ಕೆ ತಲೆಯೊಡ್ಡುವುದೇ ಎಂದು ಅವನು ಕಣ್ಣು ಮುಚ್ಚಿದ.

"ಇಷ್ಟನ್ನೂ ಒಬ್ಬರೇ ಹೊತ್ತುಕೊಂಡಿದ್ರಾ?" ಎಂದಳು ಹೆಂಡತಿ. "ಅಮ್ಮನಿಗೆ ಇಂಥ ಕಾಯಿಲೆ ಅಂತ ನನಗೂ ಹೇಳದೆ, ನಿಮ್ಮ ಸಂಬಳದಲ್ಲೇ ಚಿಕಿತ್ಸೆ ಮಾಡಿಸ್ತಾ ಇದ್ರಾ?"

ನಿಜ ಹೇಳಲು ಅವನಿಗೆ ಪೂರ್ತಿ ಅರ್ಧ ನಿಮಿಷ ಸಮಯವಿತ್ತು. ಅವನು ಬಾಯಿಯನ್ನೂ ತೆರೆದ. ಆದರೆ ಹನ್ನೊಂದು ವರ್ಷದಲ್ಲಿ ಹೆಂಡತಿ ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಸಿನಿಮಾದ ಪೋಸ್ಟರನ್ನು ನೋಡುವಂತೆ ನೋಡುತ್ತಿದ್ದಳು.

"ನಿನಗೆ ಯಾಕೆ ಸುಮ್ಮನೆ ಚಿಂತೆ ಅಂತ," ಎಂದುಬಿಟ್ಟ.

ಅತ್ತೆಗೆ ಮಾತ್ರ ಯಾರೂ ಹೇಳಕೂಡದು ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಹೆಂಡತಿ ಹೇಳಿದ್ದು ಅಕ್ಕನೊಬ್ಬಳಿಗೆ ಮಾತ್ರ, ಅದೂ ಆಣೆ ಹಾಕಿಸಿಕೊಂಡು. ಅಕ್ಕ ಹೇಳಿದ್ದು ಗಂಡನಿಗೆ ಮಾತ್ರ. ಪಕ್ಕದ ಮನೆಯ ಕಾಂಪೌಂಡರ್‌ಗೆ ಯಾರೂ ಹೇಳಲೇ ಇಲ್ಲ. ಅವನು ಕಿಟಕಿಯಿಂದ ತಾನಾಗಿ ತಿಳಿದುಕೊಂಡ. ನಲವತ್ತು ವರ್ಷ ಡಾಕ್ಟರೊಬ್ಬರ ಹತ್ತಿರ ಔಷಧಿ ಕಟ್ಟಿಕೊಟ್ಟು, ಅವರಿಗಿಂತ ತನಗೇ ಹೆಚ್ಚು ತಿಳಿದಿತ್ತು ಎಂದು ನಂಬಿಕೊಂಡು ನಿವೃತ್ತನಾದವನು.

"ಎಂಬತ್ತು ಪರ್ಸೆಂಟ್ ಅಂದರೆ ನರದ್ದೇ ಇರಬೇಕು," ಎಂದು ಕಾಂಪೌಂಡರ್ ಗೋಡೆಯಾಚೆಯಿಂದ ಮೆಲ್ಲಗೆ ಅಭಿಪ್ರಾಯ ಕೊಟ್ಟ. ಆ ಹೊತ್ತಿಗೆ ಸರಿಯಾಗಿ ಅತ್ತೆ ಎರಡು ಕೈಯಲ್ಲಿ ಎರಡು ತುಂಬಿದ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿಹೋದರು. ಹೆಂಡತಿ, ನೋಡಿದರೆ ಹಾಗೆ ಕಾಣಿಸುವುದೇ ಇಲ್ಲವಲ್ಲ ಎಂದಳು. ಅದೇ ಅದರ ಲಕ್ಷಣ, ಈ ಕಾಯಿಲೆಯಲ್ಲಿ ಹೊರಗೆ ಶಕ್ತಿ ಜಾಸ್ತಿಯಾಗುತ್ತಾ ಹೋಗುತ್ತದೆ ಎಂದು ಕಾಂಪೌಂಡರ್ ತಲೆಯಾಡಿಸಿದ.

ಅಲ್ಲಿಂದ ಅತ್ತೆಯವರ ಕಷ್ಟದ ದಿನಗಳು ಶುರುವಾದವು. ಅವರು ಬಕೆಟ್ಟಿಗೆ ಕೈಹಾಕಿದರೆ ಯಾರೋ ಕಿತ್ತುಕೊಳ್ಳುತ್ತಿದ್ದರು. ನಿಂತರೆ ಹಿಂದೆ ಕುರ್ಚಿ ಬರುತ್ತಿತ್ತು. ಅವರ ಕಬ್ಬಿಣದ ಡಂಬೆಲ್ಲುಗಳು ಮಂಚದಡಿಯಿಂದ ಮಾಯವಾದವು. ಕಾಂಪೌಂಡರ್ ಒಂದು ಹಿಡಿಕೆಯ ಕೋಲು ತಂದು, ನಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು ಎಂದು ಬಾಗಿಲಲ್ಲಿ ಒರಗಿಸಿಹೋದ. ಹಿರಿಯ ಮಗಳು ವಾರದಲ್ಲಿ ಮೂರು ಸಲ ಹಣ್ಣು ತಂದು, ತಾಯಿಯ ಮುಖ ನೋಡಿ, ಸ್ನಾನದ ಮನೆಗೆ ಹೋಗಿ ಅತ್ತು ಬರುತ್ತಿದ್ದಳು.

ಅತ್ತೆ ದಡ್ಡರಲ್ಲ. ಮೂವತ್ತೆರಡು ವರ್ಷ ಮಕ್ಕಳ ಮುಖ ನೋಡಿಯೇ ಯಾರಿಗೆ ಹೊಟ್ಟೆನೋವು ನಿಜ, ಯಾರಿಗೆ ನಾಟಕ ಎಂದು ಹೇಳಿದವರು. ಮನೆಗೆ ಬಂದವರೆಲ್ಲ ಅಳಿಯನ ಬೆನ್ನು ತಟ್ಟುತ್ತಾರೆ, ಅವನ ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಾರೆ. ಮಗಳು ಅವನ ತಟ್ಟೆಗೆ ಎರಡು ಸಲ ಬಡಿಸುತ್ತಾಳೆ. "ವೈದ್ಯಕೀಯ ಪ್ರಮಾಣಪತ್ರ", "ಹದಿನಾಲ್ಕನೇ ತಾರೀಖು" ಎಂಬ ಪಿಸುಮಾತು ತಾವು ಹತ್ತಿರ ಹೋದೊಡನೆ ನಿಲ್ಲುತ್ತದೆ. ಅಳಿಯನೋ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಿದ್ದಾನೆ. ಲೆಕ್ಕ ಸರಿಯಾಗಿಯೇ ಕೂಡಿಬಂತು. ಅಳಿಯನಿಗೆ ದೊಡ್ಡದೇನೋ ಆಗಿದೆ. ತಮಗೆ ಹೇಳುತ್ತಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಐದೂವರೆಗೆ ಅವರು ಮೇಲೆ ಬಂದು ಅಳಿಯನನ್ನು ಎಬ್ಬಿಸಿದರು.

"ಏಳಿ ಅಳಿಯಂದಿರೇ. ಹಾಸಿಗೆ ಹಿಡಿದರೆ ಮುಗೀತು. ನಾನಿದ್ದೀನಿ."

ಹೀಗೆ ನಮ್ಮ ಮೆಕ್ಯಾನಿಕ್ ಬೀದಿಯ ಕೊನೆಯ ಮೈದಾನದಲ್ಲಿ, ಎಂಬತ್ತು ಪರ್ಸೆಂಟ್ ಅಂಗವಿಕಲೆಯಾದ ಅತ್ತೆಯ ಹಿಂದೆ, ಎಡ ಮಂಡಿಯನ್ನು ಎಳೆದುಕೊಂಡು ನಾಲ್ಕು ಸುತ್ತು ಓಡಿದ. ಅವನ ಏದುಸಿರು ಕೇಳಿ ಅತ್ತೆಯ ಭಯ ಇನ್ನೂ ಹೆಚ್ಚಿತು. ಎರಡನೇ ದಿನ ಸ್ಕಿಪ್ಪಿಂಗ್ ಹಗ್ಗ ಬಂತು. ಕಿಟಕಿಯಿಂದ ನೋಡಿದ ಕಾಂಪೌಂಡರ್, ಹೋಗುವ ಜೀವಕ್ಕೆ ಬೇಸರವಾಗದಿರಲಿ ಎಂದು ಅಳಿಯ ಜೊತೆಗೆ ಕುಣಿಯುತ್ತಿದ್ದಾನೆ ಎಂದು ಬೀದಿಗೆಲ್ಲ ಹೇಳಿದ. ಬೀದಿಯ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಕರೆದು ತೋರಿಸಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಷಡ್ಡಕ ಬಂದಾಗ. ಎಂದೂ ಕಾರಿನ ಹಾರ್ನು ಬಾರಿಸದೆ ಬರದವನು ಆ ಸಂಜೆ ಸದ್ದಿಲ್ಲದೆ ಬಂದ. ಮೆಕ್ಯಾನಿಕ್‌ನನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ, ಒಂದು ದಪ್ಪ ಕವರನ್ನು ಅವನ ಜೇಬಿಗೆ ತುರುಕಿದ. ಚಿಕಿತ್ಸೆಗೆ ತನ್ನದೂ ಪಾಲಿರಲಿ ಎಂದ.

"ನೀನು ದೊಡ್ಡ ಮನುಷ್ಯ ಕಣಯ್ಯಾ. ನಾನು ಪಾಪಿ," ಎಂದ.

ಮ್ಯಾನೇಜರ್ ಬಾಯಿಂದ ಈ ಎರಡನೆಯ ಮಾತು ಯಾಕೆ ಬಂತೆಂದು ಮೆಕ್ಯಾನಿಕ್‌ಗೆ ತಿಳಿಯಲಿಲ್ಲ. ಕವರನ್ನು ಬಿಚ್ಚದೆ, ಮುಟ್ಟಲೂ ಹೆದರಿ, ಚರ್ಮದ ಚೀಲದ ತಳಕ್ಕೆ ಹಾಕಿದ. ಅಂದಿನಿಂದ ಆ ಚೀಲ ಹೊರುವಾಗಲೆಲ್ಲ ಭುಜ ಜಗ್ಗಿದಂತಾಗುತ್ತಿತ್ತು. ಹದಿನಾಲ್ಕನೇ ತಾರೀಖು ಒಬ್ಬನೇ ಹೋಗಿ, ಅಧಿಕಾರಿಯ ಮುಂದೆ ಎಲ್ಲ ಒಪ್ಪಿಕೊಂಡು, ದಂಡ ಕಟ್ಟಿ, ಕವರನ್ನು ವಾಪಸು ಮಾಡಿ, ಆಮೇಲೆ ಬೇರೆ ಊರಿನಲ್ಲಿ ಲಿಫ್ಟುಗಳಿವೆಯೇ ಎಂದು ವಿಚಾರಿಸುವುದು ಅವನ ಯೋಜನೆ.

ಯೋಜನೆಗೆ ಮನೆಯವರು ಅವಕಾಶ ಕೊಡಲಿಲ್ಲ. ಇಂಥ ದಿನ ನಿಮ್ಮನ್ನು ಒಬ್ಬರನ್ನೇ ಕಳಿಸುತ್ತೇನೆಯೇ ಎಂದು ಹೆಂಡತಿ ಸೀರೆ ಉಟ್ಟು ನಿಂತಳು. ಷಡ್ಡಕ ಕಾರು ತಂದ. ಆ ಕಡೆ ತನಗೂ ಒಂದು ಕೆಲಸವಿದೆ ಎಂದ. ಅಳಿಯನ ವೈದ್ಯಕೀಯ ವಿಚಾರಕ್ಕೆ ಎಲ್ಲರೂ ಹೊರಟಿರುವಾಗ ಅತ್ತೆ ಹಿಂದೆ ಬೀಳುವರೇ? ಕ್ಯಾನ್ವಾಸ್ ಬೂಟಿನ ದಾರ ಬಿಗಿದು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತರು. ದಾರಿಯುದ್ದಕ್ಕೂ ಹೆಂಡತಿಯೂ ಷಡ್ಡಕನೂ ಅತ್ತೆಗಾಗಿ ನಿಟ್ಟುಸಿರು ಬಿಟ್ಟರು, ಅತ್ತೆ ಅಳಿಯನಿಗಾಗಿ.

ತೆರಿಗೆ ಕಚೇರಿ ಹಳೆಯ ಕಲ್ಲಿನ ಕಟ್ಟಡ. ಒಳಗೆ ಕಾಲಿಟ್ಟೊಡನೆ ಕಾವಲುಗಾರ ಓಡಿಬಂದು, "ಅಂತೂ ಬಂದ್ರಲ್ಲ. ಮೂರು ವಾರ ಆಯ್ತು," ಎಂದ. ಲಿಫ್ಟಿನ ಮುಂದೆ ಆಳೆತ್ತರದ ಹಳದಿ ಬೋರ್ಡು ನಿಂತಿತ್ತು: ದುರಸ್ತಿ ನಡೆಯುತ್ತಿದೆ, ಸಹಕರಿಸಿ. ಕೆಳಗೆ ಮೆಕ್ಯಾನಿಕ್‌ನ ಸ್ವಂತ ಸಹಿ. ಬಿಡಿಭಾಗ ಬಂದಿಲ್ಲವೆಂದು ಅದನ್ನು ಅಲ್ಲಿ ನಿಲ್ಲಿಸಿ ಹೋದವನು ಅವನೇ. ಅಧಿಕಾರಿ ಕೂರುವುದು ನಾಲ್ಕನೇ ಮಹಡಿಯಲ್ಲಿ.

ಹೆಂಡತಿ ಗಾಬರಿಯಾಗಿ ಒಂದು ಕುರ್ಚಿ ಕೇಳಿದಳು. ಷಡ್ಡಕ ಎರಡು ಜನರನ್ನು ಕರೆದ. ಕೂರಿಸಿ ಹೊತ್ತುಕೊಂಡು ಹೋಗೋಣ ಎಂದ. ಕುರ್ಚಿ ಬಂತು. ಹೆಂಡತಿ ಅಮ್ಮನ ಭುಜ ಹಿಡಿದು, ಕೂತ್ಕೋ ಎಂದಳು. ಅಮ್ಮ ಅಳಿಯನ ಭುಜ ಹಿಡಿದು, ಕೂತ್ಕೊಳ್ಳಿ ಎಂದರು. ಷಡ್ಡಕ ಅತ್ತೆಯನ್ನು ಕೂರಿಸಲು ನೋಡಿದ, ಅತ್ತೆ ಅಳಿಯನನ್ನು ಅದುಮಿ ಕೂರಿಸಿದರು. ಮೆಕ್ಯಾನಿಕ್ ಎದ್ದ, ಮತ್ತೆ ಅದುಮಿಸಿಕೊಂಡ. ಹೊರಲು ಬಂದಿದ್ದ ಇಬ್ಬರೂ ರೋಗಿ ಯಾರೆಂದು ಮೊದಲು ನಿರ್ಧಾರ ಮಾಡಿ ಎಂದು ಕೈಕಟ್ಟಿ ನಿಂತರು.

"ಇದೆಲ್ಲ ಬೇಡ. ಆ ಅಧಿಕಾರೀನೇ ಕೆಳಗೆ ಬರಲಿ. ನಾನು ಹೋಗಿ ಹೇಳ್ತೀನಿ," ಎಂದು ಅತ್ತೆ ಮೆಟ್ಟಿಲ ಕಡೆ ತಿರುಗಿದರು. ತಿರುಗಿದ್ದು ಕಂಡಿತು, ಆಮೇಲೆ ಕ್ಯಾನ್ವಾಸ್ ಬೂಟಿನ ಸದ್ದು ಮಾತ್ರ ಒಂದನೇ ಮಹಡಿ, ಎರಡನೇ ಮಹಡಿ ಎಂದು ಮೇಲೇರುತ್ತಾ ಹೋಯಿತು.

ತನಗಿಂತ ಮೊದಲು ಅತ್ತೆ ಆ ಫೈಲನ್ನು ಮುಟ್ಟಕೂಡದು. ಮೆಕ್ಯಾನಿಕ್ ಮಂಡಿಯನ್ನು ಮರೆತು ಓಡಿದ. ಮೂರನೇ ಮಹಡಿಯಲ್ಲಿ ಮಂಡಿ ತನ್ನನ್ನು ನೆನಪಿಸಿಕೊಟ್ಟಿತು. ನಾಲ್ಕನೆಯದಕ್ಕೆ ಕಂಬಿ ಹಿಡಿದು ತಲುಪುವ ಹೊತ್ತಿಗೆ ಒಳಗಿನಿಂದ ಅತ್ತೆಯ ಗಟ್ಟಿ ದನಿ ಬರುತ್ತಿತ್ತು. ನಾನು ಅವರ ಅತ್ತೆ, ಅಳಿಯನ ಸ್ಥಿತಿ ಸರಿಯಿಲ್ಲ, ದಯವಿಟ್ಟು ನೀವೇ ಇಳಿದು ಬನ್ನಿ ಎನ್ನುತ್ತಿದ್ದರು.

ಅಧಿಕಾರಿ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ಹಣೆಗೇರಿಸಿಕೊಂಡು ಒಮ್ಮೆ ಅತ್ತೆಯನ್ನೂ ಒಮ್ಮೆ ಫೈಲನ್ನೂ ನೋಡುತ್ತಿದ್ದರು. ಬಾಗಿಲಿಗೆ ಒರಗಿ ಗಾಳಿಗೆ ಬಾಯಿಬಿಡುತ್ತಿದ್ದ ಮೆಕ್ಯಾನಿಕ್‌ನ ಹಿಂದೆ ಹೆಂಡತಿಯೂ ಷಡ್ಡಕನೂ ಬಂದು ನಿಂತರು.

"ಲಿಫ್ಟ್ ಕೆಟ್ಟಿದೆ. ನೀವು ಹೇಗೆ ಬಂದಿರಿ?" ಎಂದು ಅಧಿಕಾರಿ ಅತ್ತೆಯನ್ನು ಕೇಳಿದರು.

"ಹೇಗೆ ಅಂದರೆ? ಹತ್ತಿ ಬಂದೆ."

ಅಧಿಕಾರಿ ಫೈಲಿನಿಂದ ಓದಿದರು. ಅವಲಂಬಿತ ಅತ್ತೆ. ಎರಡೂ ಕಾಲಿನ ಸ್ವಾಧೀನ ಇಲ್ಲ. ಎಂಬತ್ತು ಪರ್ಸೆಂಟ್. ಹೆಂಡತಿಯ ಕಣ್ಣಿನಲ್ಲಿ ಸಿನಿಮಾ ಪೋಸ್ಟರು ನಿಧಾನವಾಗಿ ಕಳಚಿ ಬೀಳುವುದನ್ನು ಮೆಕ್ಯಾನಿಕ್ ನೋಡದೆಯೇ ಕಂಡ. ಇನ್ನು ತಡೆದುಕೊಳ್ಳಲು ಆಗಲಿಲ್ಲ. ಊಟದ ಮೇಜು, ಮೀನಿನ ತೊಟ್ಟಿ, ಕೊಳಲಿನ ಸಂಗೀತ, ಲ್ಯಾಮಿನೇಷನ್ ಅಂಗಡಿ, ಓದದೆ ಹಾಕಿದ ಸಹಿ, ಹೆಂಡತಿಗೆ ಹೇಳಿದ ಒಂದು ಸಾಲಿನ ಸುಳ್ಳು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಅತ್ತೆಗೆ ಏನೂ ಆಗಿಲ್ಲ, ತನಗೂ ಏನೂ ಆಗಿಲ್ಲ, ಮಂಡಿಯೊಂದು ಬಿಟ್ಟು, ಎಂದು ನಿಲ್ಲಿಸಿದ.

ಅಧಿಕಾರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಆ ಪ್ಲಾಸ್ಟಿಕ್ಕಿನ ಅಂಗಡಿಯಿಂದ ಈ ತಿಂಗಳು ಬಂದ ಏಳನೇ ಕೇಸು ಇದು, ಅಲ್ಲಿಗೆ ಬೇರೆ ಜನರನ್ನು ಕಳಿಸಿದ್ದೇವೆ ಎಂದರು. ಎಲ್ಲವೂ ಲ್ಯಾಮಿನೇಟ್ ಆಗಿ ಬರುವುದರಿಂದ ಸೀಲ್ ಹಾಕಿದರೆ ಶಾಯಿ ನಿಲ್ಲುವುದಿಲ್ಲ ಎಂಬುದೇ ಅವರಿಗೆ ಹೆಚ್ಚಿನ ಸಿಟ್ಟು ಇದ್ದಂತಿತ್ತು.

"ಆದರೆ ನಿಮ್ಮ ಕೇಸು ಸ್ವಲ್ಪ ಬೇರೆ," ಎಂದು ಇನ್ನೊಂದು ಫೈಲು ತೆಗೆದರು. "ಇದೇ ಅತ್ತೆಯವರನ್ನ ಇನ್ನೊಬ್ಬರೂ ತೋರಿಸಿದ್ದಾರೆ. ಮೂರು ವರ್ಷದಿಂದ. ಅವರದ್ದು ಅರವತ್ತು ಪರ್ಸೆಂಟ್. ನಿಮ್ಮದೂ ಅವರದೂ ಕೂಡಿಸಿದರೆ ನೂರ ನಲವತ್ತು. ನನ್ನ ಸರ್ವೀಸಿನಲ್ಲಿ ಇಷ್ಟು ಪರ್ಸೆಂಟ್ ನೋಡಿಲ್ಲ."

ಎಲ್ಲರೂ ಹಿಂದೆ ತಿರುಗಿದರು. ಷಡ್ಡಕ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ, ಹೋದ ವರ್ಷದ್ದು.

ಮೂರು ವರ್ಷದಿಂದ ಮೂರನೆಯ ವಾಕ್ಯಕ್ಕೆ ಬಂದು ಕೂರುತ್ತಿದ್ದ ಆ ಆಡಿಟರ್ ಯಾರೆಂದು ಆಗ ಗೊತ್ತಾಯಿತು. ಷಡ್ಡಕ ಲ್ಯಾಮಿನೇಷನ್ನಿನ ಅಂಗಡಿಗೆ ಹಿಂದಿನ ಬಾಗಿಲಿಂದ ಹೋಗುತ್ತಿದ್ದ, ಅಷ್ಟೇ ವ್ಯತ್ಯಾಸ. ಅವನಿಗೂ ಇದೇ ಕಂದು ಲಕೋಟೆ ಬಂದಿತ್ತು. ಅತ್ತೆಗೆ ನಿಜವಾಗಿಯೂ ಕಾಯಿಲೆ ಎಂದು ಕೇಳಿದ ದಿನದಿಂದ, ತಾನು ಬರೆಸಿದ ಸುಳ್ಳೇ ಅವರಿಗೆ ತಗುಲಿತು ಎಂದು ಅವನಿಗೆ ಊಟ ಸೇರಿರಲಿಲ್ಲವಂತೆ. ಮೆಕ್ಯಾನಿಕ್ ಭುಜದಲ್ಲಿದ್ದ ಚೀಲದ ತಳದಿಂದ ದಪ್ಪ ಕವರನ್ನು ತೆಗೆದು, ಗ್ರೀಸ್ ಒರೆಸಿ, ಅವನ ಜೇಬಿಗೆ ವಾಪಸು ತುರುಕಿದ.

ಅತ್ತೆ ಇಬ್ಬರು ಅಳಿಯಂದಿರನ್ನೂ ಗೋಡೆಗೆ ಒತ್ತರಿಸಿ ಸಾಲಾಗಿ ನಿಲ್ಲಿಸಿದರು. ಅವರು ಹೇಳದಿದ್ದರೂ ಇಬ್ಬರೂ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟರು.

"ಕಾಲಿಲ್ಲ ಅಂತ ಬರೆದಿರಿ, ಹೋಗಲಿ. ನೋಡಿದವರಿಗೆ ಕಾಲು ಕಾಣುತ್ತೆ," ಎಂದರು. ಸಿಟ್ಟಿನಲ್ಲಿ ಅವರ ಬಹುವಚನ ಕಳಚಿತು. "ಅವಲಂಬಿತ ಅಂತ ಬರೆದೆಯಲ್ಲ? ನನ್ನ ಪಿಂಚಣಿ, ನನ್ನ ಮನೆ. ನಾನು ಯಾರ ಮೇಲೆ ಅವಲಂಬಿತಳು? ನಿನ್ನ ಮೇಲಾ, ಇವನ ಮೇಲಾ?"

ಇಬ್ಬರೂ ಒಬ್ಬರನ್ನೊಬ್ಬರು ತೋರಿಸುವಂತಿರಲಿಲ್ಲ.

ತಾವಾಗಿ ಒಪ್ಪಿಕೊಂಡಿದ್ದೀರಿ, ದುಡ್ಡೂ ಇನ್ನೂ ಕೈಸೇರಿಲ್ಲ ಎಂದು ಅಧಿಕಾರಿ ಮೆಕ್ಯಾನಿಕ್‌ಗೆ ತಿದ್ದಿದ ರಿಟರ್ನ್ ಹಾಕಲು ಹದಿನೈದು ದಿನ ಕೊಟ್ಟರು. ಸಣ್ಣ ದಂಡ, ಅಷ್ಟೆ. ಮೂರು ವರ್ಷ ತಿಂದುಂಡವನ ಲೆಕ್ಕ ಬೇರೆ, ಕೂತು ಮಾತಾಡೋಣ ಎಂದು ಷಡ್ಡಕನಿಗೆ ಕುರ್ಚಿ ತೋರಿಸಿದರು. ಮತ್ತೆ ಯಾರಿಂದ ಹಾಕಿಸಲಿ ಎಂದು ಮೆಕ್ಯಾನಿಕ್ ದೀನನಾಗಿ ಕೇಳಿದಾಗ, ನೆಲಮಹಡಿಯಲ್ಲೇ ಉಚಿತ ಸಹಾಯದ ಕೌಂಟರ್ ಇದೆಯಲ್ಲ, ಬರುವಾಗ ಬೋರ್ಡು ಕಾಣಲಿಲ್ಲವೇ ಎಂದರು.

ಕಂಡಿರಲಿಲ್ಲ. ಇಳಿದು ಹೋಗಿ ನೋಡಿದರೆ ಕೌಂಟರಿನ ಬೋರ್ಡಿನ ಮುಂದೆ ಮೆಕ್ಯಾನಿಕ್‌ನ ಹಳದಿ ಬೋರ್ಡು ನಿಂತಿತ್ತು. ಹಿಂದೆ ಕೂತಿದ್ದ ಮುದುಕ ಇಲಾಖೆಯಿಂದ ನಿವೃತ್ತನಾಗಿ, ಮನೆಯಲ್ಲಿ ಹೊತ್ತು ಹೋಗದೆ, ವಾರಕ್ಕೆ ಮೂರು ದಿನ ಬಂದು ಜನರಿಗೆ ರಿಟರ್ನ್ ತುಂಬಿಕೊಡುವವನು. ಮೂರು ವಾರದಿಂದ ಒಬ್ಬರೂ ಬಂದಿಲ್ಲ, ಜನರಿಗೆಲ್ಲ ತಿಳಿವಳಿಕೆ ಬಂದುಬಿಟ್ಟಿದೆ ಅಂದುಕೊಂಡಿದ್ದೆ ಎಂದ. ಮೆಕ್ಯಾನಿಕ್ ಹಳದಿ ಬೋರ್ಡನ್ನು ಎರಡು ಮಾರು ಆಚೆಗೆ ಎಳೆದಿಟ್ಟ.

ಮುದುಕ ಅವಸರ ಮಾಡಲಿಲ್ಲ. ಪೆನ್ಸಿಲಿನಿಂದ ಒಂದೊಂದೇ ಸಾಲಿನ ಅರ್ಥ ಹೇಳಿ, ಮೆಕ್ಯಾನಿಕ್ ಓದಿ ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋದ. ಒಂಬತ್ತು ವರ್ಷದಿಂದ ಕಟ್ಟುತ್ತಿದ್ದ ವಿಮೆಯ ಕಂತನ್ನು ಲ್ಯಾಮಿನೇಷನ್ ಸೇರಿಸಿಯೇ ಇರಲಿಲ್ಲ. ಅದನ್ನು ಸೇರಿಸಿ, ದಂಡ ಕಳೆದರೂ, ಎರಡು ಸಾವಿರದ ನೂರು ನ್ಯಾಯವಾಗಿ ವಾಪಸು ಬರುವಂತಿತ್ತು. ಹೆಂಡತಿ ಆವರೆಗೆ ಗಂಡನ ಕಡೆ ಬೆನ್ನು ಹಾಕಿ ನಿಂತಿದ್ದವಳು ಅರ್ಧ ತಿರುಗಿದಳು. ಆಗ ಮುದುಕ, ಮನೆ ಬಾಡಿಗೆ ಏನಾದರೂ ಕೊಡುತ್ತೀರಾ ಎಂದು ಕೇಳಿದ. ಇಲ್ಲ, ಅತ್ತೆಯವರ ಮನೆ ಎಂದ ಮೆಕ್ಯಾನಿಕ್.

"ಕೊಡ್ತಾ ಇದ್ದಿದ್ದರೆ ಅದಕ್ಕೂ ರಿಯಾಯಿತಿ ಇತ್ತು. ಅತ್ತೆಗಾದರೂ ಪರವಾಗಿಲ್ಲ, ಕಾನೂನಿನಲ್ಲಿ ತಪ್ಪೇನಿಲ್ಲ. ನಿಜವಾಗಿ ಕೊಡಬೇಕು, ರಸೀದಿ ಇರಬೇಕು. ಅಷ್ಟೇ."

ಇಷ್ಟು ಹೊತ್ತು ಬೆಂಚಿನ ಮೇಲೆ ಮುಖ ಗಂಟಿಕ್ಕಿ ಕೂತಿದ್ದ ಅತ್ತೆ ಎದ್ದು ಬಂದರು. ಕೌಂಟರಿಗೆ ಎರಡೂ ಮೊಣಕೈ ಊರಿ, ಅದನ್ನು ಇನ್ನೊಂದು ಸಲ ಹೇಳಿ ಎಂದು ಮುದುಕನನ್ನು ಕೇಳಿದರು.

ಒಂದನೇ ತಾರೀಖು ಬೆಳಿಗ್ಗೆ ಹೊಸ ರಸೀದಿ ಪುಸ್ತಕದೊಂದಿಗೆ ಅತ್ತೆ ಮೇಲೆ ಬಂದರು. ಬಾಡಿಗೆ ಬೀದಿಯ ದರಕ್ಕಿಂತ ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯೂ ಇಲ್ಲ. ಮೆಕ್ಯಾನಿಕ್ ಲಿಫ್ಟಿನ ದಿನಚರಿ ಪುಸ್ತಕದ ಹಿಂದೆ ಲೆಕ್ಕ ಹಾಕಿದ. ತೆರಿಗೆಯಲ್ಲಿ ಒಂದು ರೂಪಾಯಿ ಉಳಿಸಲು ಬಾಡಿಗೆಯಲ್ಲಿ ಐದು ಕೊಡಬೇಕಾಗುತ್ತಿತ್ತು. ಮೂರು ಸಲ ಹಾಕಿದರೂ ಐದು ಐದಾಗಿಯೇ ಉಳಿಯಿತು. ಊರಿನಲ್ಲಿ ಸಿಕ್ಕ ಏಕೈಕ ಉಚಿತ ಸಲಹೆ ಅದು. ಹೆಂಡತಿ ಅಮ್ಮನ ಪರ. ಸುಳ್ಳು ಹೇಳಿದ ತಿಂಗಳಿಗೆ ಬಡ್ಡಿ ಸೇರಿಸಿಲ್ಲವಲ್ಲ, ಸಂತೋಷಪಡಿ ಎಂದಳು. ಹೇಳುವಾಗ ಮಾತ್ರ ನಕ್ಕಳು.

ಎರಡು ತಿಂಗಳು ಬಾಡಿಗೆ ಕೊಟ್ಟ. ಮೂರನೆಯ ತಿಂಗಳು, ರಸೀದಿಗೆ ಸಹಿಯಾಗಿ ಕೈಗೆ ಬಂದ ಮೇಲೆ, ಮೆಕ್ಯಾನಿಕ್ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡ.

"ಅತ್ತೆ, ಬಚ್ಚಲಿನ ನಲ್ಲಿ ಸೋರ್ತಾ ಇದೆ."

"ಅದು ಮೊದಲಿಂದಲೂ ಸೋರುತ್ತೆ."

"ಹೌದು. ಆದರೆ ಈಗ ನಾನು ಬಾಡಿಗೆದಾರ. ಅದನ್ನ ಓನರ್ ಸರಿಮಾಡಿಸಬೇಕು."

ಹೆಂಡತಿಯ ಕೈಯ ಕಾಫಿ ಲೋಟ ಬಾಯಿಗೆ ಮುಟ್ಟದೆ ನಿಂತಿತು. ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಪ್ರತಿ ವರ್ಷ ಓಟದಲ್ಲಿ ಕೊನೆಗೆ ಬರುತ್ತಿದ್ದ ಹುಡುಗ ಒಂದು ದಿನ ಮೂರನೆಯವನಾಗಿ ಬಂದರೆ ನೋಡುತ್ತಿದ್ದಂತೆ. ಆಮೇಲೆ ಸಂಜೆಯೊಳಗೆ ಆಗುತ್ತದೆ ಎಂದರು. ಹೊರಗಿನವರನ್ನು ಕರೆದು ದುಡ್ಡು ದಂಡ ಮಾಡುವ ಜಾತಿಯಲ್ಲ ಅವರು. ಸಂಜೆ ತಾವೇ ಬಚ್ಚಲಿನಲ್ಲಿ ಅಂಗಾತ ಮಲಗಿ, ಬೇಸಿನ್ನಿನ ಕೆಳಗೆ ತಲೆ ತೂರಿಸಿದರು.

ಐದು ನಿಮಿಷದ ಕೆಲಸ. ಕಣ್ಣು ಮುಚ್ಚಿಕೊಂಡು ಮಾಡಬಲ್ಲವನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಕಾಫಿ ಕುಡಿಯುತ್ತಾ, ಸ್ವಲ್ಪ ಎಡಕ್ಕೆ ತಿರುಗಿಸಿ ಎಂದು ಸಲಹೆ ಕೊಡುತ್ತಿದ್ದ. ಏಳಲಿಲ್ಲ. ಚೀಲದ ಸ್ಪ್ಯಾನರನ್ನು ಮಾತ್ರ ಉದಾರ ಮನಸ್ಸಿನಿಂದ ಓನರಿಗೆ ಎರವಲು ಕೊಟ್ಟ.